ನೆರೈದಾ ಮನೆಯ ಗೋಡೆ

ಎವೆಲಿಯೊ,

ನೀನು ಗೊರಕೆ ಹೊಡೆಯುತ್ತಿದ್ದೆ, ಎಬ್ಬಿಸಲಿಲ್ಲ. ನಿನ್ನ ಮಾತ್ರೆ ತರಲು ಔಷಧಿ ಅಂಗಡಿಯ ಸಾಲಿಗೆ ಹೋಗುತ್ತಿದ್ದೇನೆ. ಅನ್ನ, ಕಪ್ಪು ಬೀನ್ಸ್ ಕಾಳು ಒಲೆಯ ಮೇಲಿವೆ.

ಬಿಸಿನೀರಿನ ಬಾಟಲಿಯನ್ನು ಬಚ್ಚಿಟ್ಟಿದ್ದೇನೆ, ಹುಡುಕಬೇಡ. ಪಾದ ತಣ್ಣಗಾದರೆ ಕಾಲುಚೀಲ ಹಾಕಿಕೋ. ರಕ್ತ ಸರಿಯಾಗಿ ಇಳಿಯದ ಕಾಲು ಸುಟ್ಟರೂ ಗೊತ್ತಾಗುವುದಿಲ್ಲವಂತೆ. ಅಂಗಾಲಿನಲ್ಲಿ ಗಾಯವಿದೆಯೇ ಎಂದು ಕನ್ನಡಿ ಹಿಡಿದು ನೋಡು. ಕೂತಲ್ಲೇ ಕಾಲು ನೋವು ಬಂದರೆ ನನಗಾಗಿ ಕಾಯಬೇಡ, ಡಾಕ್ಟರಮ್ಮನನ್ನು ಕರೆಸು. ಚುರುಟುಗಳನ್ನೆಲ್ಲ ನೀರಲ್ಲಿ ನೆನೆಹಾಕಿದ್ದೇನೆ. ಆ ನೀರು ಚಿಮುಕಿಸಿ ಗಿಡದ ಹುಳುಗಳು ಸಾಯಲಿ, ನೀನು ಸಾಯುವುದು ಬೇಡ.

ಈ ಸಾಂತಿಯಾಗೊದಲ್ಲಿ ಇಷ್ಟು ಏರುಬೀದಿಗಳಿದ್ದರೂ ನೀನು ದಿನಾ ನಿಂತು ಒರಗುತ್ತಿದ್ದುದು ಏರಿನ ನಡುವಿನ ಆ ಚೆಲುವೆ ನೆರೈದಾ ಮನೆಯ ಗೋಡೆಗೇ. "ನಿನ್ ಗಂಡಂಗೆ ಅಲ್ಲಿ ಕಾಫಿ ರುಚಿ ಹತ್ತಿದೆ ಕಣೇ" ಎಂದು ಡೊಮಿನೊ ಆಡುವವರೆಲ್ಲ ನಗುತ್ತಿದ್ದರು. ನಾನು ಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ನಿನ್ನೆ ಡಾಕ್ಟರಮ್ಮ ನಿನ್ನ ಪಾದದಲ್ಲಿ ನಾಡಿ ಹುಡುಕಿ, "ಅಷ್ಟು ದೂರ ಹತ್ತಿದ್ರೆ ಮೀನಖಂಡ ಹಿಡ್ಕೊಳುತ್ತೆ, ನಿಂತ್ರೆ ಬಿಡುತ್ತೆ. ರಕ್ತನಾಳ ಕಿರಿದಾಗಿದೆ, ಸದ್ಯ ಆಪರೇಷನ್ ಬೇಡ" ಎಂದಾಗ, ಕೋಬ್ರೆ ಮಾತೆಯ ಆಣೆ, ಹೋದ ಜೀವ ಬಂತು. ನಿನ್ನನ್ನು ನಿಲ್ಲಿಸುತ್ತಿದ್ದುದು ರಕ್ತನಾಳವಂತೆ, ನೆರೈದಾ ಅಲ್ಲವಂತೆ!

ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದೇ ಮದ್ದು ಎಂದಿದ್ದಾರೆ. ಅಂದರೆ ಇನ್ನು ಮುಂದೆಯೂ ಅದೇ ಗೋಡೆ. ಆಗಲಿ, ನಿಲ್ಲು. ನೆರೈದಾಳಿಗೆ ಹೇಳಿದ್ದೇನೆ, ಹೊರಗೆ ಕುರ್ಚಿ ಹಾಕಿಡುತ್ತಾಳೆ.

ಎರಡು ಕುರ್ಚಿ. ಇನ್ನೊಂದರಲ್ಲಿ ನಾನಿರುತ್ತೇನೆ.

ಮಿಗ್ದಾಲಿಯಾ