ಜಟಗನ ಕಟ್ಟೆ ಮುಂದೆ ಓಡಿದ ಸೈಕಲ್

ಹಬ್ಬುವಾಡ, ಕಾರವಾರ
ಶುಕ್ರವಾರ

ಪ್ರೀತಿಯ ಬೊಮ್ಮಿ ಅಕ್ಕ,

ನೀವು ಅಕ್ಷರ ಕೂಡಿಸಿ ಕೂಡಿಸಿ ಓದುವವರು, ಅದಕ್ಕೇ ದಪ್ಪಗೆ ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಜಾರಿಕೊಳ್ಳುವುದರಲ್ಲಿ ಗಟ್ಟಿಗ. ಕಾಗದದ ಮೇಲಾದರೆ ಸಿಕ್ಕಿಬೀಳುತ್ತೇನೆ.

ಮಂಡಿ ನೋವಿಗೆ ಅಂಕೋಲೆ ಪೇಟೆಯ ತರಕಾರಿ ವ್ಯಾಪಾರವನ್ನೇ ಬಿಡುತ್ತೇನೆ ಎಂದಿದ್ದಿರಿ. ಕಳೆದ ದೀಪಾವಳಿಗೆ ನಿಮ್ಮ ಹಳೇ ಸೈಕಲ್ಲಿಗೆ ಮೋಟಾರು ಕೂರಿಸಿ ಕೊಟ್ಟೆ. ಆ ಮೋಟಾರಿಗೆ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವುದು ಕಂಟ್ರೋಲರ್ ಪೆಟ್ಟಿಗೆಯೊಳಗಿನ ಫರ್ಮ್‌ವೇರ್. ಅದನ್ನು ಬರೆಯುವವರು ನಾನೂ, ನಾನು ಮುಖ ನೋಡದ ಹತ್ತಾರು ದೇಶದವರೂ. ಅದು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದು ಎಂದಾಗ ನೀವು ತಲೆಯಾಡಿಸಿದಿರಿ. "ಹಂಗಾರೆ ನಾವು ಬದ್ನೆ ಬೀಜ ಕೊಟ್ಟಂಗೇ ಆಯ್ತಲ್ಲ ತಮಾ. ಆದ್ರೆ ಬೀಜ ಕೊಡುವವ್ರು ಹುಳ ಆಗಿದ್ರೆ ಮೊದ್ಲೇ ಹೇಳ್ಬೇಕು." ನಾನು ನಕ್ಕಿದ್ದೆ. ನನ್ನ ಬೀಜಕ್ಕೆ ಹುಳ ಹಿಡಿಯುವುದುಂಟೇ ಎಂಬ ಜಂಬ.

ಹೆಡಿಗೆ ತುಂಬಿದಾಗ ಏರಿನಲ್ಲಿ ಸೈಕಲ್ ಹೊರಡುವುದೇ ಇಲ್ಲ ಎಂದು ನೀವು ದೂರಿದಿರಿ. ಪೆಡಲ್ ತುಸು ಅಲುಗಿದರೂ ಮೋಟಾರು ಹೊರಡುವಂತೆ ನಾನು ಬದಲಿಸಿದೆ. ಎಲ್ಲರಿಗೂ ಹಂಚಿದೆ. ಭೇಷ್ ಅನ್ನಿಸಿಕೊಂಡೆ.

ನಿಮ್ಮೂರ ರಸ್ತೆ ಬದಿಯ ಜಟಗ ದೇವರ ಕಟ್ಟೆ ನನ್ನ ಲೆಕ್ಕದಲ್ಲಿ ಇರಲಿಲ್ಲ. ಅಲ್ಲಿ ನಿಮ್ಮೂರವರು ಯಾರೂ ಸೈಕಲ್ ಮೇಲೆ ಕೂತು ದಾಟುವುದಿಲ್ಲ, ಇಳಿದು ದೂಡಿಕೊಂಡು ಹೋಗುತ್ತಾರೆ. ಅವತ್ತು ನೀವೂ ಇಳಿದಿರಿ. ಬಲಗೈ ಹ್ಯಾಂಡಲ್ ಮೇಲೆ, ಎಡಗೈ ಹಣೆಯ ಮೇಲೆ. ಮೊಣಕಾಲ ಕೆಳಗೆ ತಾಗಿ ಪೆಡಲ್ ಕಾಲುಭಾಗದಷ್ಟು ತಿರುಗಿತು. ಅಷ್ಟೇ ಸಾಕಾಯಿತು ನನ್ನ ಜಾಣ ಫರ್ಮ್‌ವೇರಿಗೆ. ಎಡಗಡೆಯ ಬ್ರೇಕ್ ಹಿಡಿದರೆ ಮೋಟಾರು ನಿಲ್ಲುತ್ತದೆ, ನಿಜ. ಆದರೆ ಅದನ್ನು ಹಿಡಿಯಬೇಕಾದ ಕೈ ದೇವರಿಗೆ ಮುಗಿಯುತ್ತಿತ್ತು. ಸೈಕಲ್ ನಿಮ್ಮನ್ನು ಎಳೆದುಕೊಂಡು ಗಟಾರಕ್ಕೆ ಹೋಯಿತು. ಬಸಳೆ, ಹರಿವೆ, ಸೌತೆಕಾಯಿ ಎಲ್ಲ ರಸ್ತೆ ಪಾಲು. ನಿಮ್ಮ ಎಡಗೈ ಮಣಿಕಟ್ಟು ಮುರಿಯಿತು.

ಆಗ ನಾನು ಏನು ಮಾಡಿದೆ ಎಂಬುದನ್ನು ನಿಮಗೆ ಹೇಳಿರಲಿಲ್ಲ. ನಮ್ಮ ಫರ್ಮ್‌ವೇರಿನ ತಪ್ಪುಗಳ ಪಟ್ಟಿಯಲ್ಲಿ ಈ ಸಂಗತಿ ಬರೆದು, ಮುಂದೆ "ಬಳಸಿದವರ ತಪ್ಪು" ಎಂದು ಹಾಕಿ ಮುಚ್ಚಿಬಿಟ್ಟೆ. ನಿಮಗೂ ಫೋನಿನಲ್ಲಿ ಅದನ್ನೇ ಬೇರೆ ರೀತಿಯಲ್ಲಿ ಅಂದೆ: ಇಳಿಯುವ ಮೊದಲು ಸ್ವಿಚ್ ಆಫ್ ಮಾಡಬೇಕಿತ್ತು, ಅಕ್ಕ. ನಾಚಿಕೆಯಾಗುತ್ತದೆ.

ನೀವು ಜಗಳಾಡಲಿಲ್ಲ. ಪ್ಲಾಸ್ಟರ್ ಹಾಕಿದ ಕೈಯಲ್ಲೇ ಸೈಕಲ್ಲನ್ನು ಟೆಂಪೋ ಮೇಲೆ ಹಾಕಿಸಿಕೊಂಡು ನನ್ನ ಅಂಗಡಿಗೆ ಬಂದಿರಿ. ಸ್ಟ್ಯಾಂಡ್ ಹಾಕಿ, ಪಕ್ಕದಲ್ಲಿ ನಿಂತು, ಕಾಲಿನಿಂದ ಪೆಡಲ್ ತಾಗಿಸಿದಿರಿ. ಹಿಂದಿನ ಚಕ್ರ ಗಿರ್ರೆಂದು ತಿರುಗಿತು. ಮತ್ತೊಮ್ಮೆ. ಮತ್ತೊಮ್ಮೆ. ಆರು ಸಲ ತೋರಿಸಿದಿರಿ, ಮಂಡಿ ನೋವಿನ ಕಾಲಲ್ಲೇ. "ದೇವ್ರ ಎದ್ರಿಗೆ ಇಳೂದು ನಾ ಬಿಡುದಿಲ್ಲ. ಸೈಕಲ್ಲಿಗೆ ಇಳೂದು ಅಂದ್ರೆ ಎಂತ ಹೇಳಿ ಕಲ್ಸಬೇಕಾದವ್ರು ಯಾರು, ಅವ್ರಿಗೆ ಕೇಳು" ಎಂದು ಕೀಲಿ ಮೇಜಿನ ಮೇಲಿಟ್ಟು ಬಸ್ಸಿಗೆ ಹೋದಿರಿ. ಹೋಗುವಾಗ ಒಂದು ಸೌತೆಕಾಯಿ ಬೇರೆ ಇಟ್ಟಿರಿ. ಅದನ್ನು ತಿನ್ನಲು ನನಗೆ ಎರಡು ದಿನ ಬೇಕಾಯಿತು.

ಇಂಜಿನಿಯರಿಂಗ್ ಓದಿದ ಎಷ್ಟೋ ಜನ ನನಗೆ ದೂರು ಬರೆಯುತ್ತಾರೆ, ಅಕ್ಕ. ತಪ್ಪು ಎಲ್ಲಿದೆ ಎಂದು ನಿಮ್ಮಷ್ಟು ಚೊಕ್ಕವಾಗಿ ತೋರಿಸಿದವರು ಒಬ್ಬರೂ ಇಲ್ಲ.

ಈಗ ತಿದ್ದಿದ್ದೇನೆ. ನಿಂತ ಸೈಕಲ್ಲಿನ ಪೆಡಲ್ ಪೂರ್ತಿ ಒಂದು ಸುತ್ತು ಬರುವತನಕ ಮೋಟಾರು ಮಿಸುಕುವುದಿಲ್ಲ. ಏರಿಗೆ ಬೇರೆ ಗುಂಡಿ ಇದೆ, ಹೆಬ್ಬೆರಳಿನಲ್ಲಿ ಒತ್ತಿ ಹಿಡಿದರೆ ಮಾತ್ರ ಸಹಾಯ. ಹೊಸ ಆವೃತ್ತಿಯ ಮೊದಲ ಸಾಲಿನಲ್ಲೇ ಬರೆದೆ: ಇದು ಬಳಸಿದವರ ತಪ್ಪಲ್ಲ, ರೂಪೇಶನ ತಪ್ಪು, ಕಂಡುಹಿಡಿದವರು ಅಂಕೋಲೆಯ ಬೊಮ್ಮಿ. ಮೂರನೇ ದಿನಕ್ಕೆ ಇದೇ ಫರ್ಮ್‌ವೇರ್ ಬಳಸುವ, ಎಲ್ಲೋ ಬೆಟ್ಟದೂರಿನ ಅಂಚೆ ಹಂಚುವವಳೊಬ್ಬಳ ಪತ್ರ ಬಂತು. ಮನೆ ಮನೆ ಮುಂದೆ ಇಳಿಯುವಾಗ ಅವಳ ಸೈಕಲ್ಲೂ ಹಾಗೇ ಹಾರುತ್ತಿತ್ತಂತೆ. ತಾನೇ ದಡ್ಡಿ ಅಂದುಕೊಂಡು ಯಾರಿಗೂ ಹೇಳಿರಲಿಲ್ಲವಂತೆ. "ಬೊಮ್ಮಿಗೆ ನನ್ನ ನಮಸ್ಕಾರ ತಿಳಿಸಿ" ಎಂದಿದ್ದಾಳೆ. ತಿಳಿಸಿದ್ದೇನೆ.

ಸೋಮವಾರ ನಿಮ್ಮ ಪ್ಲಾಸ್ಟರ್ ತೆಗೆಯುತ್ತಾರೆ. ಮಂಗಳವಾರ ಬೆಳಿಗ್ಗೆ ಸೈಕಲ್ ತರುತ್ತೇನೆ. ಹೆಡಿಗೆ ತುಂಬಿಸಿ ಇಡಿ. ನೀವು ಮುಟ್ಟುವುದು ಬೇಡ, ಕಟ್ಟೆಯ ಆಚೆ ನಿಂತು ನೋಡಿ ಸಾಕು. ಸ್ವಿಚ್ ಆಫ್ ಮಾಡದೆಯೇ ಇಳಿಯುತ್ತೇನೆ. ಬಲಗೈ ಹ್ಯಾಂಡಲ್ ಮೇಲೆ, ಎಡಗೈ ಹಣೆಯ ಮೇಲೆ ಇಟ್ಟು, ಕಾಲಿಗೆ ಪೆಡಲ್ ತಾಗಿಸುತ್ತಲೇ ದಾಟುತ್ತೇನೆ. ಗಟಾರಕ್ಕೆ ಬಿದ್ದರೆ ಎತ್ತಬೇಡಿ. ದಾಟಿದರೆ, ನೀವು ಮೇಜಿನ ಮೇಲಿಟ್ಟು ಹೋದ ಕೀಲಿ ಕೇಳಿ, ಕೊಡುತ್ತೇನೆ.

ನಿಮ್ಮ ಮಣಿಕಟ್ಟಿಗೆ ಮೊದಲಿನ ಬಲ ಬರಲಿ, ನಿಮ್ಮ ಹೆಡಿಗೆ ಎಂದೂ ಬರಿದಾಗದಿರಲಿ.

ನಿಮ್ಮ ತಮ್ಮನಂಥ,
ರೂಪೇಶ