ಒಗೆಯಬಾರದ ಸೀರೆ

ಫೆಬ್ರವರಿ 2, ಭಾನುವಾರ. ಮಧ್ಯಾಹ್ನ, ಹೆಬ್ಬಾಳ ಕೆರೆ ಏರಿ

ಅನ್ನ ಬಸಿದಿಟ್ಟು, ಸಾರು ಕುದಿಸಿ ಹೊರಟೆ. ಎಲ್ಲಿಗೆ ಅಂತ ನಮ್ಮವರು ಕೇಳಲಿಲ್ಲ. ಭಾನುವಾರ ನಾನು ಸೀರೆ ಬದಲಾಯಿಸಿದರೆ ಸಿನಿಮಾಕ್ಕೇ ಅಂತ ಹತ್ತೊಂಬತ್ತು ವರ್ಷದಿಂದ ಗೊತ್ತು. ಜೊತೆಗೆ ಅಕ್ಕ ಇರುತ್ತಿದ್ದಳು. ಈಗ ಒಬ್ಬಳೇ. ಸಿನಿಮಾಕ್ಕೂ ಅಲ್ಲ, ಸಿನಿಮಾ ತೆಗೆದ ಜಾಗ ನೋಡಲು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಓರಗಿತ್ತಿ. ಭಾವನವರ ಹೆಂಡತಿ, ಪದ್ಮಶ್ರೀ. ಸಂಕ್ರಾಂತಿಯ ಹಿಂದಿನ ದಿನ ಎಳ್ಳು ಹುರಿಯುತ್ತಾ ಕೂತವಳು ಹಾಗೇ ಗೋಡೆಗೆ ಒರಗಿದಳು. ಅಷ್ಟೆ. ಬಂದವರೆಲ್ಲ ಭಾವನವರ ಕೈ ಹಿಡಿದರು, ಅತ್ತೆಯ ಪಕ್ಕ ಕೂತು ಅತ್ತರು. ನನ್ನನ್ನು ಕಾಫಿ ಕೇಳಿದರು. ಓರಗಿತ್ತಿ ಸತ್ತರೆ ಯಾರೂ ನಮಗೆ ಸಮಾಧಾನ ಹೇಳುವುದಿಲ್ಲ.

ಹನ್ನೊಂದು ವರ್ಷ ಅಕ್ಕ ಸಿನಿಮಾಗಳಲ್ಲಿ ಜನವಾಗಿ ನಿಂತಳು. ಜೂನಿಯರ್ ಆರ್ಟಿಸ್ಟ್. ಮದುವೆಯ ಜನ, ಸಾವಿನ ಜನ, ಬಸ್‌ಸ್ಟಾಪಿನ ಜನ. "ಒಂದಿನ ಎಲ್ಲಾ ತೋರಿಸ್ತೀನಿ ಕಣೇ ಶಾಂತಲಾ, ಎಲ್ಲೆಲ್ಲಿ ನಿಂತಿದ್ದೆ ಅಂತ" ಅನ್ನುತ್ತಿದ್ದಳು. ಗಾರ್ಮೆಂಟ್ಸ್‌ನಲ್ಲಿ ನನಗೆ ರಜೆ ಇರುವುದು ಭಾನುವಾರ ಮಾತ್ರ; ಅವತ್ತು ಅವಳಿಗೆ ಶೂಟಿಂಗ್, ಇಲ್ಲದಿದ್ದರೆ ನಮಗೆ ಸಿನಿಮಾ.

ಇಲ್ಲಿ ಹಳದಿ ಕೊಡೆಯ ಹಾಡು ತೆಗೆದಿದ್ದು. ನಾವಿಬ್ಬರೂ ನಾಲ್ಕು ಸಲ ನೋಡಿದ ಹಾಡು. ಪರದೆಯ ಮೇಲೆ ಈ ಏರಿ ಮುಗಿಯುವುದೇ ಇಲ್ಲ. ಇಲ್ಲಿ ಎಣಿಸಿದರೆ ಇನ್ನೂರು ಹೆಜ್ಜೆ. ಆಚೆ ಫ್ಲೈಓವರ್ ಮೇಲೆ ಬಸ್ಸುಗಳು ನೀರೊಳಗೆ ಹೋದ ಹಾಗೆ ಸದ್ದಿಲ್ಲದೆ ಹೋಗುತ್ತಿವೆ. ಕೊಕ್ಕರೆಗಳು.

ಹೀರೋಯಿನ್ ಕೂತಿದ್ದ ಬೆಂಚು ಯಾವುದು ಅಂತ ವಾಚ್‌ಮನ್ ಮುನಿಶಾಮಿಯನ್ನು ಕೇಳಿದೆ.

"ಐದು ಬೆಂಚಿದೆ ಕಣಮ್ಮ. ಬಂದೋರಿಗೆಲ್ಲ ಒಂದೊಂದು ತೋರಿಸ್ತೀನಿ. ನಿಮಗೆ ಯಾವುದು ಬೇಕು ಹೇಳಿ, ನೆರಳಲ್ಲಿರೋದಾ?"

"ನಿಜವಾದ್ದು."

"ನಿಜವಾದ್ದು ಅವರೇ ತಂದಿದ್ರು, ಅವರೇ ತಗೊಂಡೋದ್ರು."

ನಗು ಬಂತು. ಇಪ್ಪತ್ತೊಂದು ದಿನದಲ್ಲಿ ಮೊದಲ ಸಲ. ಅಕ್ಕ ಕೊಡೆ ಹಿಡಿದು ನಿಂತಿದ್ದು ಎಡಗಡೆಯಿಂದ ಮೂರನೆಯವಳಾಗಿ. ಲೆಕ್ಕ ಹಾಕಿ ಆ ಜಾಗದಲ್ಲಿ ನಿಂತೆ. ಕೆರೆಯ ಕಡೆ ಮುಖ. ಹಾಡಿನಲ್ಲಿ ಬರೀ ಬೆನ್ನು ಕಾಣುತ್ತದೆ.

ಫೆಬ್ರವರಿ 5, ಬುಧವಾರ

ಹನ್ನೊಂದನೇ ದಿನ ಅಕ್ಕನ ಬಟ್ಟೆಯೆಲ್ಲ ಕೊಟ್ಟುಬಿಟ್ಟರು. ಒಂದು ಉಳಿದಿದೆ. ನನ್ನ ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನೇತುಹಾಕಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಲೆಹಸಿರು ಕಾಟನ್ ಸೀರೆ. ಕವರಿಗೆ ಅವಳೇ ಚೀಟಿ ಪಿನ್ ಮಾಡಿದ್ದಾಳೆ — ಕಂಟಿನ್ಯೂಟಿ. ಒಗೆಯಬಾರದು.

ಒಂದು ಸೀನನ್ನು ಎರಡು ದಿನ ತೆಗೆದರೆ ಎರಡನೇ ದಿನವೂ ಅದೇ ಸೀರೆ, ಅದೇ ಸುಕ್ಕು, ಅದೇ ಕಲೆ ಇರಬೇಕು. ಕವರಿನ ಬಾಯಿ ಬಿಚ್ಚಿದರೆ ಅಕ್ಕನ ವಾಸನೆ. ಪೌಡರ್, ಬೆವರು, ಸ್ವಲ್ಪ ಒಗ್ಗರಣೆ. ದಿನಕ್ಕೆ ಒಂದೇ ಸಲ ಬಿಚ್ಚುತ್ತೇನೆ. ಬೇಗ ಮುಗಿದುಹೋಗಬಾರದು.

ಇವತ್ತು ಅತ್ತೆ ನೋಡಿಬಿಟ್ಟರು.

"ಅವಳದ್ದಲ್ವೇನೇ ಅದು?"

"ಶೂಟಿಂಗ್ ಸೀರೆ, ಅತ್ತೆ."

"ಏನಾರ ಆಗಲಿ. ಸತ್ತೋರ ಮೈಲಿಗೆ ಸೀರೆ ಇಂಗೆ ಮಡೀಕೋಬಾರ್ದು. ಅವಳಿಗೂ ಅಲ್ಲಿ ನೆಮ್ಮದಿ ಇರಾಕಿಲ್ಲ."

ಬೀಗ ಹಾಕಿ ಕೀಲಿ ಕೈ ಮಾಂಗಲ್ಯದ ಸರಕ್ಕೆ ಕಟ್ಟಿಕೊಂಡೆ.

ಫೆಬ್ರವರಿ 9, ಭಾನುವಾರ. ಯಶವಂತಪುರ ಸ್ಟೇಷನ್

ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಒಳಗೆ ಕೂತಿದ್ದೇನೆ. ಹೀರೋ ಅಳುತ್ತಾ ರೈಲು ಹತ್ತುವ ಸೀನ್ ಇಲ್ಲಿಯದೇ. ಅವನ ಹಿಂದೆ ಅಕ್ಕ ಖಾಲಿ ಸೂಟ್‌ಕೇಸ್ ಹಿಡಿದು ನಡೆಯಬೇಕಿತ್ತು. ಒಂಬತ್ತು ಸಲ ನಡೆಸಿದರಂತೆ. ಸಿನಿಮಾದಲ್ಲಿ ಮೂರು ಸಲ ದಾಟುತ್ತಾಳೆ, ಮೂರು ಸಲವೂ ಒಂದೇ ದಿಕ್ಕಿಗೆ. ಥಿಯೇಟರಿನಲ್ಲಿ ನಾವಿಬ್ಬರೇ ಬಿದ್ದು ಬಿದ್ದು ನಕ್ಕಿದ್ದೆವು. ಹೀರೋ ಅಳುವಾಗ ನಗುತ್ತಾರೆ ಅಂತ ಮುಂದಿನ ಸೀಟಿನವರು ತಿರುಗಿ ಬೈದರು.

ಇಲ್ಲಿ ಕೂತು ಒಂದು ವಿಷಯ ಹೊಳೆಯಿತು. ಹನ್ನೊಂದು ವರ್ಷದ ಸಿನಿಮಾಗಳಲ್ಲಿ ಅಕ್ಕನ ಮುಖ ಎಲ್ಲೂ ಇಲ್ಲ. ಕ್ಯಾಮೆರಾ ನೋಡಬಾರದು ಅಂತ ಕಲಿಸಿಟ್ಟಿದ್ದರು. ಬೆನ್ನು, ಜಡೆ, ಒಂದು ಕಿವಿ. ನಾನೂ ಅಷ್ಟೆ — ಎಲ್ಲಿ ಹೋದರೂ ಅವಳು ಮುಂದೆ, ನಾನು ಹಿಂದೆ. ಕಣ್ಣು ಮುಚ್ಚಿದರೆ ನನಗೂ ಅವಳ ಬೆನ್ನೇ ಮೊದಲು ಬರುತ್ತದೆ. ಮುಖ ಬರಲು ಸ್ವಲ್ಪ ಹೊತ್ತು ಕಾಯಬೇಕು. ನಿನ್ನೆಗಿಂತ ಇವತ್ತು ಜಾಸ್ತಿ ಹೊತ್ತು ಹಿಡಿಯಿತು. ಹೆದರಿಕೆ ಆಯಿತು.

ಒಂದೇ ಒಂದು ಸಲ ಮುಖ ತೆಗೆದಿದ್ದಾರೆ. ಇನ್ನೂ ಬಿಡುಗಡೆಯಾಗದ ಸಿನಿಮಾಕ್ಕೆ, ಜನವರಿ 9ರಂದು, ಯಲಹಂಕದ ಶೂಟಿಂಗ್ ಬಂಗಲೆಯಲ್ಲಿ. ಆ ಹಸಿರು ಸೀರೆಯಲ್ಲಿ. ಅಕ್ಕನಿಗೆ ಮೊದಲ ಸಲ ಡೈಲಾಗ್ ಕೊಟ್ಟಿದ್ದರು: "ಗೇಟ್ ಹಾಕ್ಕೊಳ್ಳಮ್ಮ, ಬರ್ತೀನಿ." ಅಷ್ಟೇ. ಹಿಂದಿನ ದಿನವೆಲ್ಲ ಪಾತ್ರೆ ತೊಳೆಯುತ್ತಾ ಹೇಳಿಕೊಂಡಳು. ಸಂಕಟದಲ್ಲಿ ಒಂದು ಸಲ, ಆತುರದಲ್ಲಿ ಒಂದು ಸಲ, ಬಾಯಲ್ಲಿ ಎಲೆ ಅಡಿಕೆ ಇರುವ ಹಾಗೆ ಒಂದು ಸಲ. ಅತ್ತೆ ಒಳಗಿನಿಂದ, "ಓಗೋದಾದ್ರೆ ಓಗೇ ತಾಯಿ, ಎಷ್ಟ್ ಸಲ ಏಳ್ತೀಯ!" ಅಂತ ಕೂಗಿದ್ದರು.

ಪಕ್ಕ ಕೂತ ಹೆಂಗಸು ಬುತ್ತಿ ಬಿಚ್ಚಿದಳು. ಈರವ್ವ ಅಂತೆ, ಗದಗಿನ ಕಡೆಯವಳು.

"ಯಾರನ್ನ ಕಳಸಾಕ ಬಂದೀರಿ?"

"ಅಕ್ಕನ್ನ."

"ಎಲ್ಲಿ ಅದಾರ ಮತ್ತ?"

"ಹೋದಳು."

ನನ್ನ ಮುಖ ನೋಡಿದಳು. ರೊಟ್ಟಿ ಮುರಿದು ಕೈಗಿಟ್ಟಳು. "ತಿನ್ರಿ ಮೊದಲ."

ಫೆಬ್ರವರಿ 12, ಬುಧವಾರ

ಫ್ಯಾಕ್ಟರಿಯಲ್ಲಿ ಊಟದ ಬೆಲ್ ಆದಾಗ ಅಕ್ಕನ ಫೋನ್ ರಿಂಗಾಯಿತು. ಚಾರ್ಜ್ ಮಾಡಿ ನಾನೇ ಇಟ್ಟುಕೊಂಡಿದ್ದೇನೆ. ಮುರುಗೇಶ್ — ಶೂಟಿಂಗಿಗೆ ಜನ ಕರೆದೊಯ್ಯುವ ಏಜೆಂಟ್.

"ಪದ್ಮಕ್ಕಾ, ಇಪ್ಪತ್ಮೂರಕ್ಕೆ ಪ್ಯಾಚ್‌ವರ್ಕ್ ಇದೆ, ಅವತ್ತು ಉಳಿದಿದ್ದ ಶಾಟು. ಯಲಹಂಕ, ಅದೇ ಬಂಗಲೆ. ಗ್ರೀನ್ ಸೀರೆ ಮರೀಬೇಡಿ."

ಅಕ್ಕ ಹೋಗಿಬಿಟ್ಟಳು ಅಂತ ಹೇಳಿದೆ.

"ಅಯ್ಯೋ... ಎಂಥ ಮನುಷ್ಯರು. ನನಗೆ ಇಡ್ಲಿ ತಂದು ಕೊಡೋರು ಕಣಮ್ಮಾ."

ಆಮೇಲೆ ವಿಷಯ ಬಿಡಿಸಿ ಹೇಳಿದ. ಅಕ್ಕ ಗೇಟಿನ ಹತ್ತಿರ ಡೈಲಾಗ್ ಹೇಳಿದ ಕ್ಲೋಸಪ್ ಆಗಿದೆ. ಹೇಳಿ ಬೆನ್ನು ತಿರುಗಿಸಿ ನಡೆದು ಹೋಗುವುದು ಬಾಕಿ. ಅವತ್ತು ಬೆಳಕು ಹೋಗಿಬಿಟ್ಟಿತ್ತು.

"ಈಗೇನ್ ಮಾಡ್ತಾರೆ?"

"ಬೇರೆ ಯಾರನ್ನಾದ್ರೂ ನಿಲ್ಲಿಸಿ ಮೊದಲಿಂದ ತೆಗೀತಾರೆ. ಹಳೇದು ಎತ್ತಾಕ್ತಾರೆ."

ಎತ್ತಾಕುವುದು. ಸಿನಿಮಾದಲ್ಲಿ ಇರುವುದು ಅದೊಂದೇ ಮುಖ.

"ಬೆನ್ನು ತಾನೇ ಬೇಕಾಗಿರೋದು? ನಾನು ಬರ್ತೀನಿ."

"ಹೈಟು?"

"ಒಂದೇ. ಇಬ್ಬರದೂ ಒಂದೇ ಅಳತೆ ಬ್ಲೌಸು."

"ನಡಿಗೆ ಅಕ್ಕಾ? ಅವರು ಎಡಗಾಲು ಒಂಚೂರು ಎಳೆಯೋರು."

ಹತ್ತೊಂಬತ್ತು ವರ್ಷ ಅವಳ ಹಿಂದೆ ನಡೆದವಳನ್ನು ಕೇಳುತ್ತಾನೆ!

ಕೇಳಿ ಹೇಳ್ತೀನಿ ಅಂದ. ಸಂಜೆ ಮೆಸೇಜ್ ಬಂತು. ಓಕೆ. ಸೀರೆ ಮಾತ್ರ ಅದೇ ಇರಬೇಕು, ಹಾಗೇ ಇರಬೇಕು.

ಫೆಬ್ರವರಿ 16, ಭಾನುವಾರ

ಎಲ್ಲಿಗೂ ಹೋಗಲಿಲ್ಲ. ತಣಿಸಂದ್ರದ ನಮ್ಮ ಬೀದಿಯಲ್ಲೇ ನಡೆದೆ. ಎಡಗಾಲು ಒಂಚೂರು ಎಳೆದು. ಭಾವನವರು ಗೇಟಿನಲ್ಲಿ ನಿಂತಿದ್ದರು. ನೋಡಿ ಒಳಗೆ ಹೋಗಿಬಿಟ್ಟರು.

ಅಕ್ಕನ ಸೀರೆ ಉಟ್ಟು ಶೂಟಿಂಗಿಗೆ ಹೋಗುತ್ತೇನೆ ಅಂತ ಅವರಿಗೂ ಅತ್ತೆಗೂ ಹೇಳಿದೆ. ಭಾವನವರು ಆಗಲಿ ಅಂತ ತಲೆ ಆಡಿಸಿದರು. ಅತ್ತೆ ಬೀರುವಿನ ಕಡೆ ನೋಡಿದರು.

ಫೆಬ್ರವರಿ 21, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ.

ಸ್ನಾನಕ್ಕೆ ಹೋಗುವಾಗ ಕೀಲಿ ತೆಗೆದಿಟ್ಟಿದ್ದೆ, ಮರೆತು ಕೆಲಸಕ್ಕೆ ಹೋದೆ. ಸಂಜೆ ಬಂದರೆ ಟೆರೇಸಿನ ತಂತಿಯ ಮೇಲೆ ಎಲೆಹಸಿರು ಸೀರೆ. ಗಂಜಿ ಹಾಕಿ, ಅಂಚು ಎಳೆದು, ಮಟ್ಟಸವಾಗಿ ಒಣಹಾಕಿದ್ದಾರೆ. ಮುಖ ಇಟ್ಟು ನೋಡಿದೆ. ಸೋಪು. ಬಿಸಿಲು. ಬೇರೇನೂ ಇಲ್ಲ.

ಕೆಳಗೆ ಬಂದು ನಿಂತೆ. ಅತ್ತೆಯೇ ಮಾತಾಡಿದರು.

"ನಾಕ್ ಜನದ ಮುಂದೆ ನನ್ ಸೊಸೆ ಕೊಳೆ ಸೀರೆ ಉಟ್ಕಂಡು ಓಗೋದು ಬ್ಯಾಡ ಅಂತ ನಾನೇ ಒಗೆದೆ ಕಣೇ. ಮಿಷನ್‌ಗೆ ಆಕ್ಲಿಲ್ಲ. ಕೈಯಾಗೆ ಒಗೆದೆ."

ಅವರ ಬೆರಳ ತುದಿ ಇನ್ನೂ ಕೆಂಪಾಗಿತ್ತು. ನಾಲ್ಕು ವರ್ಷದಿಂದ ಅವರು ಒಂದು ಕರ್ಚೀಫೂ ಒಗೆದಿಲ್ಲ.

ಚೀಟಿ ತೋರಿಸಿದೆ. ಓದಲು ಬರುವುದಿಲ್ಲ ಅವರಿಗೆ. ಓದಿ ಹೇಳಿದೆ. ಸುಕ್ಕು ಇಲ್ಲದಿದ್ದರೆ, ಕಲೆ ಇಲ್ಲದಿದ್ದರೆ, ಅಕ್ಕನ ಮುಖ ತೆಗೆದುಹಾಕುತ್ತಾರೆ ಅಂದೆ.

ಅತ್ತೆ ಹಾಗೇ ನೆಲಕ್ಕೆ ಕೂತರು.

ಫೆಬ್ರವರಿ 22, ಶನಿವಾರ. ಮಧ್ಯಾಹ್ನ

ಅರ್ಧ ದಿನ ರಜೆ ಹಾಕಿದೆ. ಮನೆಗೆ ಬರುವಷ್ಟರಲ್ಲಿ ಅತ್ತೆ ಸೀರೆಯನ್ನು ನಡುಮನೆಯಲ್ಲಿ ಹಾಸಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಲೋಟದ ತುಂಬ ಕಾಫಿ.

"ಸೆರಗಿನ ಅಂಚಿಂದ ಒಂದು ಗೇಣು. ಆ ಕಾಫಿ ಕಲೆ ಇಲ್ಲಿತ್ತು. ಹುಣಸೇ ಬೀಜದಷ್ಟು ಒಂದು, ಪಕ್ಕದಾಗೆ ಸಣ್ಣದೊಂದು. ನನ್ನಷ್ಟು ಯಾರಿಗೆ ಗೊತ್ತು? ಅರ್ಧ ಗಂಟೆ ಉಜ್ಜಿದೀನಿ."

ಮುರುಗೇಶ್ ಕಳಿಸಿದ್ದ ಜನವರಿ ಶೂಟಿಂಗಿನ ಫೋಟೋವನ್ನು ಫೋನಿನಲ್ಲಿ ತೆರೆದೆ. ಸರಿಯಾಗಿ ಅಲ್ಲೇ. ಗಾರ್ಮೆಂಟ್ಸ್‌ನಲ್ಲಿ ಕಲೆ ಇರುವ ಪೀಸ್ ಆರಿಸಿ ತೆಗೆಯುವುದೇ ನನ್ನ ಕೆಲಸ. ಇವತ್ತು ಕಲೆ ಹಾಕಿದೆ. ಹತ್ತಿ ಸುತ್ತಿದ ಕಡ್ಡಿಯಲ್ಲಿ, ಉಸಿರು ಬಿಗಿಹಿಡಿದು.

"ಇನ್ನೊಂಚೂರು ಕೆಳೀಕೆ ಎಳಿ. ಬಾಲ ಇತ್ತು ಅದಕ್ಕೆ."

ಎಳೆದೆ.

ಗಂಜಿ ಹೋಗಲು ಅತ್ತೆ ಬೆಳಿಗ್ಗೆಯೇ ನೀರಲ್ಲಿ ಅದ್ದಿ, ಹಿಂಡಿ, ಒಣಗಿಸಿದ್ದರು. ಕಲೆ ಒಣಗಿದ ಮೇಲೆ ಉಟ್ಟುಕೊಂಡೆ. ಉಟ್ಟೇ ಮುದ್ದೆ ಬೇಯಿಸಿದೆ, ಒಗ್ಗರಣೆ ಹಾಕಿದೆ, ನೆಲ ಒರೆಸಿದೆ. ಅತ್ತೆ ಬಾಗಿಲಲ್ಲಿ ಕೂತು, "ಮಂಡಿ ಅತ್ರ ಸುಕ್ಕು ಸಾಲ್ದು, ಇನ್ನೊಂದು ಸಲ ಕುಕ್ಕರುಗಾಲಲ್ಲಿ ಕೂತ್ಕೋ" ಅನ್ನುತ್ತಿದ್ದರು.

ಸಂಜೆಯ ಹೊತ್ತಿಗೆ ಸೆರಗು ಮೂಗಿನ ಹತ್ತಿರ ಬಂತು. ಪೌಡರ್, ಬೆವರು, ಸ್ವಲ್ಪ ಒಗ್ಗರಣೆ. ನನ್ನದೇ ವಾಸನೆ. ಆದರೂ...

ಫೆಬ್ರವರಿ 23, ಭಾನುವಾರ. ಬೆಳಿಗ್ಗೆ 10:40, ಯಲಹಂಕ

ಬಂಗಲೆಗೆ ಬಂದಿದ್ದೇನೆ. ಈ ಮೆಟ್ಟಿಲು ನನಗೆ ಗೊತ್ತು. ಈ ಕಂಬ ಗೊತ್ತು. ಮಂತ್ರಿಯ ಮನೆ, ಕೋರ್ಟು, ಆಸ್ಪತ್ರೆ, ಹೀರೋಯಿನ್ ತವರು — ಎಲ್ಲ ಇದೇ ಮನೆ. ಎಷ್ಟು ಮದುವೆ ನೋಡಿದ್ದೇನೆ ಇಲ್ಲಿ, ಥಿಯೇಟರಿನ ಕತ್ತಲಲ್ಲಿ ಕೂತು. ಹತ್ತಿರದಿಂದ ನೋಡಿದರೆ ಸುಣ್ಣ ಉದುರುತ್ತಿದೆ. ಅಂಗಳದ ಮರದಿಂದ ಗುಲಾಬಿ ಬಣ್ಣದ ಹೂವು ಒಂದೊಂದಾಗಿ ಕಾರಿನ ಮೇಲೆ, ಲೈಟಿನ ಮೇಲೆ ಬೀಳುತ್ತಿದೆ. ಯಾರೂ ಗುಡಿಸುತ್ತಿಲ್ಲ. ಶಾಟಿನಲ್ಲಿ ಇರಲಿ ಅಂತ.

ಮುರುಗೇಶ್ ಕುರ್ಚಿ ತಂದುಕೊಟ್ಟ. "ಆ ರೂಮಲ್ಲಿ ನಾನು ಎರಡು ಸಲ ಸತ್ತಿದೀನಿ ಅಕ್ಕಾ. ಒಂದ್ಸಲ ಡಾಕ್ಟರ್ ಲೇಟು, ಒಂದ್ಸಲ ಪೊಲೀಸ್ ಲೇಟು" ಅಂದ. ಆಮೇಲೆ ಅಂದದ್ದು ತಪ್ಪಾಯಿತು ಅನ್ನುವ ಹಾಗೆ ತಲೆ ತಗ್ಗಿಸಿದ. ನಾನು ನಕ್ಕೆ. ಅಕ್ಕನೂ ನಗುತ್ತಿದ್ದಳು.

ಕಂಟಿನ್ಯೂಟಿ ನೋಡುವ ಮೇಡಂ ಬಂದರು. ಕನ್ನಡಕದವರು. ಕೈಯಲ್ಲಿ ಜನವರಿಯ ಫೋಟೋ. ಸೆರಗು ಹಿಡಿದು, ಫೋಟೋ ನೋಡಿ, ಮತ್ತೆ ಸೆರಗು ನೋಡಿದರು.

"ಒಗೆದಿಲ್ಲ ತಾನೇ?"

"ಇಲ್ಲ ಮೇಡಂ."

"ಗುಡ್. ಎಲ್ರೂ ಒಗೆದುಬಿಡ್ತಾರೆ ನೋಡಿ." ನನ್ನ ಮುಡಿಯ ಹೂವಿನ ದಂಡೆಯನ್ನು ಒಂಚೂರು ಎಡಕ್ಕೆ ಸರಿಸಿದರು. "ಗೇಟಿಂದ ಆ ಮರದವರೆಗೆ ನಡೀರಿ. ಏನೇ ಆದ್ರೂ ತಿರುಗಬಾರದು."

ಹೊರಟವರು ತಿರುಗಿ ಕೇಳಿದರು. "ಅವರ ಕ್ಲೋಸಪ್ ಇದೆ ಇಲ್ಲಿ. ನೋಡ್ತೀರಾ?"

ಟ್ಯಾಬ್ ನನ್ನ ಕಡೆ ತಿರುಗಿಸಲು ಹೋದರು. ಬೇಡ ಅಂದೆ. ಥಿಯೇಟರಲ್ಲಿ ನೋಡ್ತೀನಿ ಅಂದೆ. ಅತ್ತೆಯನ್ನೂ ಕರೆದುಕೊಂಡು ಹೋಗಬೇಕು. ಕತ್ತಲೆಯಲ್ಲಿ ಅಕ್ಕ ನಮ್ಮ ಕಡೆ ಮುಖ ಮಾಡುತ್ತಾಳೆ. ಹೇಳುತ್ತಾಳೆ. ಆಮೇಲೆ ನಡೆಯುವವಳು ನಾನು ಅಂತ ಪಕ್ಕದ ಸೀಟಿನವರಿಗೆ ಗೊತ್ತಾಗುವುದಿಲ್ಲ.

ಗೇಟಿನ ಹತ್ತಿರ ಲೈಟು ಹಾಕಿದರು. ಪಟ್ಟಿ ಹಿಡಿದವರು ಒಬ್ಬೊಬ್ಬರನ್ನೇ ಕರೆಯುತ್ತಿದ್ದಾರೆ. ಪಟ್ಟಿ ಜನವರಿಯದೇ, ಬದಲಾಯಿಸಿಲ್ಲ.

"ಪದ್ಮಶ್ರೀ! ಪದ್ಮಶ್ರೀ ಯಾರ್ರೀ?"

ಮುರುಗೇಶ್ ನನ್ನ ಕಡೆ ನೋಡುತ್ತಿದ್ದಾನೆ. ಕೈ ಎತ್ತಬೇಕು —