ಕೆಳಗಿನ ಹೊಲದ ಬೀನ್ಸ್

ಜೂನ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದೇನೆ, ಹೊಟ್ಟೆ ತುಂಬ ಬೈದುಕೋ. ಸುದ್ದಿ ಇರಲಿಲ್ಲವೆಂದಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ಕೇಳುವವಳಲ್ಲ ನೀನು, ಬಿಡು.

ನಮ್ಮ ಬೀನ್ಸಿನ ಕಥೆ ಕೇಳು. ಮೇಲಿನ ಹೊಲದಲ್ಲಿ ಗಿಡ ಸೊಂಪಾಗಿ ಎದ್ದಿದೆ. ಕೆಳಗಿನ ಹೊಲದಲ್ಲಿ ಮೊಳಕೆಯೇನೋ ಬಂತು, ನಾಲ್ಕು ಎಲೆ ಬಿಡುವಷ್ಟರಲ್ಲಿ ಅಂಚಿನಿಂದ ಹಳದಿಯಾಗಿ ಒಣಗಿಹೋಯಿತು. ಬೀಜದಂಗಡಿಯವನ ಮೇಲೆ ಹರಿಹಾಯ್ದೆ. ಒಂದೇ ಚೀಲದ ಬೀಜ ತಾನೇ ಎರಡಕ್ಕೂ ಹಾಕಿದ್ದು ಎಂದು ಕೇಳಿದ ಪಾಪ. ಬಂದ ದಾರಿ ಹಿಡಿದೆ.

ಆಮೇಲೆ ಕೃಷಿ ಅಧಿಕಾರಿ ಬಂದಳು. ಇನ್ನೂ ಚಿಕ್ಕ ಹುಡುಗಿ, ಆದರೆ ಗಟ್ಟಿಗಿತ್ತಿ. ಎರಡೂ ಹೊಲದ ಮಣ್ಣನ್ನು ಹಳೆಯ ಡಬ್ಬಗಳಿಗೆ ತುಂಬಿಸಿ, ಬೀನ್ಸ್ ಬಿತ್ತಿ, ಅಡುಗೆಮನೆಯ ಕಿಟಕಿಯಲ್ಲಿ ಇಡಿಸಿದಳು. ಮೂರು ವಾರ ನಾನೇ ನೀರು ಹಾಕಿದೆ. ಮೇಲಿನ ಮಣ್ಣಿನವು ಬದುಕಿದವು, ಕೆಳಗಿನವು ಸತ್ತವು. ಹೋದ ಸಲ ಮೆಕ್ಕೆಜೋಳಕ್ಕೆ ಹೊಡೆದ ಕಳೆ ಔಷಧಿ ಇನ್ನೂ ಮಣ್ಣಿನಲ್ಲೇ ಇದೆಯಂತೆ. ಜೋಳ ತಡೆದುಕೊಳ್ಳುತ್ತದಂತೆ, ಬೀನ್ಸಿನ ಕೈಲಿ ಆಗುವುದಿಲ್ಲವಂತೆ. "ಅಳತೆ ಸರಿಯಾಗಿದ್ರೆ ಇಷ್ಟು ಹೊತ್ತಿಗೆ ಹೋಗಿರ್ತಿತ್ತು. ಕೆಳಗಿನ ಹೊಲಕ್ಕೆ ಎರಡು ಸಲ ಬಿದ್ದಿದೆ," ಎಂದಳು.

ಇವರ ಮುಖ ನೋಡಲಾಗಲಿಲ್ಲ ಅಕ್ಕ. ಔಷಧಿಯ ಅಳತೆ ಕೇಳಲು ಅಕ್ಕಪಕ್ಕದ ಹೊಲದವರೆಲ್ಲ ಬರುತ್ತಿದ್ದುದು ಇವರ ಹತ್ತಿರವೇ. ಹೋದ ವರ್ಷದಿಂದ ಕನ್ನಡಕ, ಬೀಗದಕೈ ಹುಡುಕುತ್ತ ಅಲೆಯುವುದು ನಿನಗೂ ಗೊತ್ತು. "ಹೊಡೆದದ್ದು ಮರೆತು ಮತ್ತೆ ಹೊಡೆದಿದೀನಿ. ನನ್ನ ತಲೆ ನಂಬೋ ಹಾಗಿಲ್ಲ ಕಣೇ," ಎಂದರು. ಅವತ್ತಿನಿಂದ ಔಷಧಿ ಹೊಡೆಯುವ ಪಂಪು ಮುಟ್ಟಿಲ್ಲ. ಮಾತ್ರೆ ನುಂಗಿದೆನಾ ಎಂದು ನನ್ನನ್ನೇ ಕೇಳುತ್ತಾರೆ. ನಾಳೆ ಬೇಸಾಯವನ್ನೆಲ್ಲ ಮೈದುನನಿಗೆ ಒಪ್ಪಿಸುತ್ತಾರಂತೆ. ಇವರ ಮರೆವು ನೋಡಿ, ಹಾಗೆ ಮಾಡುವುದೇ ಸರಿ ಎಂದು ನೀನೂ ಹಿಂದೆಯೇ ಬರೆದಿದ್ದೆ.

ಕೆಳಗಿನ ಹೊಲಕ್ಕೆ ಇನ್ನೊಂದು ಬೆಳೆ ಜೋಳವನ್ನೇ ಹಾಕಿ, ಮಣ್ಣು ಸರಿಹೋಗುತ್ತದೆ ಎಂದಿದ್ದಾಳೆ ಆ ಹುಡುಗಿ. ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಆಶೀರ್ವಾದ ನಮಗಿರಲಿ, ಈ ಸಲ ಸ್ವಲ್ಪ ಹೆಚ್ಚೇ ಬೇಕು.

ಇತಿ,
ನಿನ್ನ ತಂಗಿ, ಮೊಂಡಿ

ತಾ.ಕ.: ಬರೆಯಬೇಕೆಂದು ಕೂತದ್ದನ್ನೇ ಬರೆಯದೆ ಮುಗಿಸಿಬಿಟ್ಟೆ ನೋಡು. ಇವರು ಮರೆತಿರಲಿಲ್ಲ ಅಕ್ಕ. ಹೋದ ಸಲ ಔಷಧಿ ಹೊಡೆದ ದಿನ ಮಧ್ಯಾಹ್ನವೇ ಬಂದು, ಕೆಳಗಿನ ಹೊಲವೂ ಮುಗಿಯಿತು ಎಂದಿದ್ದರು. ಕೆಳಗಿನ ಹೊಲಕ್ಕೆಂದು ತಂದಿದ್ದ ಹೊಸ ಔಷಧಿ ಡಬ್ಬದ ಸೀಲು ಒಡೆದಿರಲಿಲ್ಲ. ಹಳೆಯದರಲ್ಲೇ ಸಾಕಷ್ಟು ಉಳಿದಿತ್ತೆಂದು ನಾನೇನು ಬಲ್ಲೆ? "ಎಲ್ಲಿ ಮುಗೀತು? ಮರೆತಿದೀರಿ. ಹೋಗಿ ಹೊಡೆದು ಬನ್ನಿ," ಎಂದೆ. "ಹೊಡೆದೆ ಅನ್ಸುತ್ತೆ ಕಣೇ," ಎಂದರು. ನಾನು ಬಿಡಲಿಲ್ಲ. ನನ್ನ ಮಾತು ನಂಬಿ, ಪಂಪು ಬೆನ್ನಿಗೇರಿಸಿಕೊಂಡು ಹೋದರು. ಮೈದುನ ಬೆಳಿಗ್ಗೆಯೇ ಬರುತ್ತಾನೆ, ಅಷ್ಟರೊಳಗೆ ಹೇಳಬೇಕು. ಅವತ್ತಿನ ಮಾತನ್ನು ಇವರು ಇದುವರೆಗೆ ಒಮ್ಮೆಯೂ ಎತ್ತಿಲ್ಲ. ಮರೆತಿದ್ದಾರೋ, ನನ್ನ ಮಾನ ಕಾಯುತ್ತಿದ್ದಾರೋ, ಕೇಳಲು ಬಾಯಿ ಬರುತ್ತಿಲ್ಲ.